ಹಿಸ್ಸಾ ನಂಬರ್ ಬೇರೆ, ಬಾಂದುಕಲ್ಲು ಬೇರೆ: ಲಿನಕ್ಸ್ ಹಾಕುವಾಗ ಪಾರ್ಟಿಷನ್‌ಗಳ ಸಾಲು

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಲ್ಯಾಬ್ ನೋಡಿಕೊಳ್ಳುವವರ ಮುಂದೆ ಮಾಡಿದ ಮಾತಿನ ಬರಹ ರೂಪ)

ನಮ್ಮ ಅಜ್ಜನ ಹೊಲದಿಂದ ಶುರು ಮಾಡುತ್ತೇನೆ. ಜಗಳೂರು ಕಡೆ ಮೆಕ್ಕೆಜೋಳದ ಹೊಲ, ಎಲ್ಲ ಒಂದೇ ಸರ್ವೆ ನಂಬರ್. ಅಜ್ಜ ತೀರಿಕೊಂಡ ಮೇಲೆ ಮೂರು ಜನ ಮಕ್ಕಳಿಗೆ ಪಾಲಾಯಿತು. ಪಡುವಣದಿಂದ ಮೂಡಣಕ್ಕೆ 1, 2, 3 ಅಂತ ಹಿಸ್ಸಾ ನಂಬರ್ ಬಿತ್ತು. ಆಮೇಲೆ ದೊಡ್ಡಪ್ಪ ತಮ್ಮ ಪಾಲನ್ನು ಇಬ್ಬರು ಗಂಡುಮಕ್ಕಳಿಗೆ ಹಂಚಿದರು. ಪೋಡಿ ಆದಾಗ ಒಬ್ಬನಿಗೆ 1 ಉಳಿಯಿತು, ಇನ್ನೊಬ್ಬನ ತುಂಡಿಗೆ 4 ಅಂತ ಬಂತು. 2, 3 ಆಗಲೇ ಬೇರೆಯವರ ಹೆಸರಲ್ಲಿ ಇದ್ದವಲ್ಲ, ಹಾಗಾಗಿ ಖಾಲಿ ಇದ್ದ ಮುಂದಿನ ನಂಬರ್ 4.

ಈಗ ಹೇಳಿ, ಹೊಲದಲ್ಲಿ ನಡೆದುಕೊಂಡು ಹೋದರೆ ಯಾವ ಸಾಲಿನಲ್ಲಿ ಸಿಗುತ್ತವೆ? 1, 4, 2, 3. ನಾನು ಹುಡುಗನಾಗಿದ್ದಾಗ ಅಣ್ಣನಿಗೆ ಬುತ್ತಿ ಕೊಟ್ಟು ಬಾ ಅಂತ ಕಳಿಸಿದ್ದರು. 4 ಅಂದರೆ 3 ಆದಮೇಲೆ ಇರಬೇಕು ಅಂತ ಮೂಡಣದ ಕೊನೆಯವರೆಗೂ ಹೋಗಿ ನಿಂತಿದ್ದೆ. ಚಿಕ್ಕಪ್ಪ ಬದುವಿನ ಮೇಲಿಂದ ಕೂಗಿದರು: "ನಂಬರ್ ಹಿಡ್ಕೊಂಡು ಹೊಲ ಹುಡುಕಬೇಡಪ್ಪ, ಬಾಂದುಕಲ್ಲು ನೋಡು."

ಇವತ್ತಿನ ಮಾತೆಲ್ಲ ಇಷ್ಟೇ. ಕಂಪ್ಯೂಟರಿನ ಡಿಸ್ಕನ್ನು ಪಾಲು ಮಾಡಿದಾಗ ಸಿಗುವ ಒಂದೊಂದು ತುಂಡಿಗೆ ಪಾರ್ಟಿಷನ್ ಅಂತಾರೆ. ಅದಕ್ಕೂ ಒಂದು ಹಿಸ್ಸಾ ನಂಬರ್ ಇರುತ್ತದೆ, ಒಂದು ಜಾಗ ಇರುತ್ತದೆ. ಎರಡೂ ಬೇರೆ ಬೇರೆ. ನಾವು ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕುವಾಗ, ಅದನ್ನು ಹಾಕಿಕೊಡುವ ಪ್ರೋಗ್ರಾಂ, ಅಂದರೆ ಇನ್‌ಸ್ಟಾಲರ್, ಎರಡನ್ನೂ ತನ್ನ ಲೆಕ್ಕದಲ್ಲಿ ಹಂಚುತ್ತದೆ. ಆ ಸಾಲು ನಮಗೆ ಮುಖ್ಯ ಅನ್ನಿಸಿದರೆ ಅಳತೆ ನಾವೇ ಮಾಡಿ, ಕಲ್ಲು ನಾವೇ ನೆಡಬೇಕು. ಆಮೇಲೆ ಇನ್‌ಸ್ಟಾಲರ್ ಕೈಗೆ ಕೊಡಬೇಕು.

ಹೊಲದ ಹೋಲಿಕೆಯನ್ನು ನಾನು ಎಲ್ಲಿಂದಲೋ ಎಳೆದು ತಂದಿದ್ದಲ್ಲ. ಪಾಲುಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಏನಂತಾರೆ? ಪಾರ್ಟಿಷನ್ ಡೀಡ್. ಅದೇ ಪದ, ಅದೇ ಕೆಲಸ. ಡಿಸ್ಕಿನ ಶುರುವಿನಲ್ಲೂ ಒಂದು ಪಾಲುಪತ್ರ ಇರುತ್ತದೆ, ಅದನ್ನು ಪಾರ್ಟಿಷನ್ ಟೇಬಲ್ ಅಂತೀವಿ.

ಹಳೆಯ ಪದ್ಧತಿಯ ಎಂಬಿಆರ್ ಟೇಬಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕಂದರೆ ಅದು ತುಂಬ ಚಿಕ್ಕದು, ಪೂರ್ತಿ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ಡಿಸ್ಕ್ ಒಂದು ಸಲಕ್ಕೆ ಓದುವ, ಬರೆಯುವ ಚಿಕ್ಕ ತುಣುಕಿಗೆ ಸೆಕ್ಟರ್ ಅಂತಾರೆ. ಈ ಟೇಬಲ್ ಇರೋದು ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ, ಒಟ್ಟು 512 ಬೈಟ್. ಅದರಲ್ಲಿ ಮೊದಲ 446 ಬೈಟ್ ಮೆಷಿನ್ ಶುರುವಾಗುವಾಗ ಓಡುವ ಬೂಟ್ ಕೋಡ್‌ಗೆ. ಆಮೇಲೆ 64 ಬೈಟ್, ಅದೇ ಪಾಲುಪತ್ರ. ಕೊನೆಯ 2 ಬೈಟ್ ಮೊಹರು ಇದ್ದ ಹಾಗೆ. 64 ಬೈಟ್‌ನಲ್ಲಿ 16 ಬೈಟ್‌ನ 4 ಸಾಲು. ಅದಕ್ಕೇ ಪ್ರೈಮರಿ ಪಾರ್ಟಿಷನ್ ನಾಲ್ಕಕ್ಕಿಂತ ಜಾಸ್ತಿ ಆಗಲ್ಲ. ಪ್ರತಿ ಸಾಲಿನಲ್ಲೂ ಯಾವ ಸೆಕ್ಟರ್‌ನಿಂದ ಶುರು, ಎಷ್ಟು ಸೆಕ್ಟರ್ ಉದ್ದ ಅಂತ ಬರೆದಿರುತ್ತದೆ. ಇದು ಚಕ್ಕುಬಂದಿ. ಸಾಲು ಎಷ್ಟನೆಯದು ಅನ್ನೋದೇ ನಂಬರ್. ಲಿನಕ್ಸ್ ಡಿಸ್ಕಿಗೆ ಎಸ್‌ಡಿಎ ಅಂತ ಹೆಸರಿಟ್ಟಿದ್ದರೆ, ಮೊದಲನೇ ಸಾಲಿನಲ್ಲಿ ಬರೆದಿದ್ದು ಎಸ್‌ಡಿಎ1, ಎರಡನೇದು ಎಸ್‌ಡಿಎ2. ಮೊದಲನೇ ಸಾಲಿನಲ್ಲಿ ಇರೋದು ಡಿಸ್ಕಿನ ಶುರುವಿನಲ್ಲೇ ಇರಬೇಕು ಅಂತ ಎಲ್ಲೂ ನಿಯಮ ಇಲ್ಲ.

ಈಗಿನ ಜಿಪಿಟಿ ಟೇಬಲ್‌ನಲ್ಲಿ ಸಾಮಾನ್ಯವಾಗಿ 128 ಸಾಲು ಇರುತ್ತದೆ. ಪಾಲುಪತ್ರದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಆದರೆ ಈ ವಿಷಯದಲ್ಲಿ ಅದೂ ಹಾಗೇ. ನಾನು ಬೇಕು ಅಂದರೆ ಡಿಸ್ಕಿನ ಮೊಟ್ಟಮೊದಲ ತುಂಡಿಗೆ 7 ಅಂತ ನಂಬರ್ ಕೊಡಬಹುದು. ಲಿನಕ್ಸ್ ಏನೂ ತಕರಾರು ಮಾಡಲ್ಲ.

ನಿಮ್ಮಲ್ಲಿ ಕೆಲವರು ಲ್ಯಾಪ್‌ಟಾಪ್ ತಂದಿದ್ದೀರಿ. ಟರ್ಮಿನಲ್ ತೆಗೆದು, ಸುಡೋ (ಅಡ್ಮಿನ್ ಅಧಿಕಾರ) ಸಮೇತ, ಪಾರ್ಟಿಷನ್ ಟೇಬಲ್ ನೋಡುವ ಎಫ್‌ಡಿಸ್ಕ್ ಕಮಾಂಡ್‌ಗೆ ಪಟ್ಟಿ ಕೊಡು ಅಂತ ಕೇಳಿ. ನಾಲ್ಕಾರು ಸಲ ಪಾರ್ಟಿಷನ್ ಅಳಿಸಿ ಮಾಡಿದ ಮೆಷಿನ್ ಆದರೆ ಕೊನೆಯಲ್ಲಿ ಒಂದು ಸಾಲು ಕಾಣಿಸಬಹುದು: ಪಾರ್ಟಿಷನ್ ಟೇಬಲ್‌ನ ಸಾಲುಗಳು ಡಿಸ್ಕಿನ ಕ್ರಮದಲ್ಲಿ ಇಲ್ಲ ಅಂತ. ಹೆದರಬೇಡಿ. ಅದು ಎರರ್ ಅಲ್ಲ. ನಮ್ಮ ಹೊಲದ 1, 4, 2, 3 ಕಥೆ ಅಷ್ಟೇ.

ಸರಿ, ಕ್ರಮ ಹೇಗಿದ್ದರೂ ಕೆಲಸ ನಡೆಯುತ್ತೆ ಅಂದಮೇಲೆ ತಲೆ ಯಾಕೆ ಕೆಡಿಸಿಕೊಳ್ಳಬೇಕು? ನಾನು ಕೂಡ ತುಂಬ ದಿನ ಕೆಡಿಸಿಕೊಂಡಿರಲಿಲ್ಲ. ಒಂದು ಸಂಜೆ ಕಲಿತೆ.

ಒಂದು ಕಾಲೇಜಿನ ಲ್ಯಾಬ್. ವಿದ್ಯಾರ್ಥಿಗಳ ಪ್ರೋಗ್ರಾಂ ಎಲ್ಲ ಹೋಗಿ ಕೂರುವ ಒಂದು ಸರ್ವರ್, ಅದು ವರ್ಚುವಲ್ ಮೆಷಿನ್, ಅಂದರೆ ಇನ್ನೊಂದು ಕಂಪ್ಯೂಟರ್ ಒಳಗೆ ಓಡುವ ಕಂಪ್ಯೂಟರ್, ಡಿಸ್ಕ್ 40 ಜಿಬಿ. ಅದನ್ನು ಹಾಕಿದ್ದು ನಾನೇ. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗೆಲ್ಲ ಮೊದಲೇ ಉತ್ತರ ಬರೆದಿಟ್ಟ ಫೈಲ್ ಇರುತ್ತದಲ್ಲ, ಅದರಲ್ಲಿ ಮೂರು ಸಾಲು ಬರೆದಿದ್ದೆ: ಮೊದಲು ಬೂಟ್ (ಮೆಷಿನ್ ಎಬ್ಬಿಸಲು ಬೇಕಾದ ಫೈಲ್‌ಗಳಿಗೆ) 1 ಜಿಬಿ, ಆಮೇಲೆ ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಜಾಗ) 8 ಜಿಬಿ, ಕೊನೆಗೆ ರೂಟ್ (ಸಿಸ್ಟಂ, ಫೈಲ್ ಎಲ್ಲ ಇರುವ ಮುಖ್ಯ ತುಂಡು), ಕನಿಷ್ಠ 20 ಜಿಬಿ, ಉಳಿದ ಜಾಗವೆಲ್ಲ ಅದಕ್ಕೇ. ರೂಟ್ ಕೊನೆಯಲ್ಲಿ ಇಟ್ಟಿದ್ದು ಬೇಕಂತಲೇ. ಮುಂದೆ ಡಿಸ್ಕ್ ದೊಡ್ಡದು ಮಾಡಿದರೆ ರೂಟ್ ಹಾಗೇ ಮೂಡಣಕ್ಕೆ ಬೆಳೆಯಲಿ ಅಂತ. ಬರೆದ ಸಾಲಿನಲ್ಲೇ ಡಿಸ್ಕಿನ ಮೇಲೂ ಬಂದಿರುತ್ತದೆ ಅಂತ ನಂಬಿದ್ದೆ. ನೋಡಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ರೂಟ್ ತುಂಬಿತು. ಫೈಲ್ ಸೇವ್ ಆಗ್ತಿಲ್ಲ ಸರ್ ಅಂತ ಫೋನ್. ವರ್ಚುವಲ್ ಡಿಸ್ಕನ್ನು 80 ಜಿಬಿಗೆ ಏರಿಸಿದೆ. ನನ್ನ ಫೈಲ್ ತೆಗೆದು ನೋಡಿದೆ, ರೂಟ್ ಮೂರನೇದು. ಗ್ರೋಪಾರ್ಟ್ ಕಮಾಂಡ್‌ಗೆ ಮೂರನೇದನ್ನು ಬೆಳೆಸು ಅಂದೆ. ಬೆಳೆಸಿದೆ ಅಂತ ಹೇಳಿತು. ಖುಷಿಯಾಯಿತು. ಜಾಗ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಹಾಕಿ ನೋಡಿದರೆ ರೂಟ್ ಹಾಗೇ ನೂರಕ್ಕೆ ನೂರು ತುಂಬಿದೆ.

ಆಗ ಡಿಸ್ಕಿನ ತುಂಡುಗಳ ಪಟ್ಟಿ ಕೊಡುವ ಎಲ್‌ಎಸ್‌ಬ್ಲಾಕ್ ಕಮಾಂಡ್ ಹಾಕಿದೆ. ಮೊದಲನೇದು ಬೂಟ್. ಎರಡನೇದು ರೂಟ್, 31 ಜಿಬಿ. ಮೂರನೇದು ಸ್ವಾಪ್, 48 ಜಿಬಿ! ನಾನು ಬೆಳೆಸಿದ್ದು ಸ್ವಾಪ್ ಇದ್ದ ತುಂಡನ್ನು. ಇನ್‌ಸ್ಟಾಲರ್ ನನ್ನ ಮೂರು ಸಾಲನ್ನು ಓದಿ, ತನ್ನ ಲೆಕ್ಕದಲ್ಲಿ ವಿಂಗಡಿಸಿ, ರೂಟನ್ನು ಸ್ವಾಪ್‌ಗಿಂತ ಮುಂದೆ ಹಾಕಿತ್ತು. ಫ್ರೀ ಕಮಾಂಡ್ ಹಾಕಿದರೆ ಸ್ವಾಪ್ ಇನ್ನೂ 8 ಜಿಬಿ ಅಂತಲೇ ತೋರಿಸುತ್ತಿತ್ತು. ಯಾಕಂದರೆ ಹೊಲ ದೊಡ್ಡದಾದರೂ ಒಳಗಿನ ಬೆಳೆ ಅಷ್ಟೇ ಇತ್ತು, ಹೊಸದಾಗಿ ಸ್ವಾಪ್ ಮಾಡಿರಲಿಲ್ಲ.

ರೂಟ್ ಬೆಳೆಯಬೇಕು ಅಂದರೆ ಅದರ ಪಕ್ಕದ ಜಾಗ ಖಾಲಿ ಇರಬೇಕು. ಪಕ್ಕದಲ್ಲಿ ಸ್ವಾಪ್ ಕೂತಿದೆ. ನಡುವೆ ಭದ್ರಾ ನಾಲೆ ಹರಿಯುತ್ತಿದ್ದರೆ ಆಚೆ ಕಡೆ ಎಷ್ಟು ಎಕರೆ ಖಾಲಿ ಇದ್ದರೇನು, ಬದು ಸರಿಸಕ್ಕಾಗುತ್ತಾ? ಆಗಲ್ಲ.

ಏನು ಮಾಡಿದೆ ಅಂದರೆ, ಸ್ವಾಪ್ ಆಫ್ ಮಾಡಿ, ಮೂರನೇ ಪಾರ್ಟಿಷನ್ ಅಳಿಸಿದೆ. ಗ್ರೋಪಾರ್ಟ್‌ಗೆ ಈ ಸಲ ಎರಡನೇದನ್ನು ಹೇಳಿದೆ. ತುಂಡಿನ ಒಳಗೆ ಫೈಲ್ ಜೋಡಿಸಿಡುವ ಪದ್ಧತಿ, ಅಂದರೆ ಫೈಲ್ ಸಿಸ್ಟಂ, ಇಎಕ್ಸ್‌ಟಿ4 ಇತ್ತು, ಅದನ್ನು ಹಿಗ್ಗಿಸುವ ರಿಸೈಜ್‌ಟುಎಫ್‌ಎಸ್ ಕಮಾಂಡ್ ಕೊಟ್ಟರೆ ಮೆಷಿನ್ ಓಡುತ್ತಿರುವಾಗಲೇ ದೊಡ್ಡದಾಯಿತು. ಸ್ವಾಪ್‌ಗೆ ರೂಟ್ ಒಳಗೇ ಒಂದು ಫೈಲ್ ಮಾಡಿಕೊಟ್ಟೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆದರೆ ರೀಬೂಟ್ ಮಾಡಿದಾಗ ಸ್ಕ್ರೀನ್ ಮೇಲೆ ಒಂದು ಸಾಲು ನಿಂತುಬಿಟ್ಟಿತು, ಯಾವುದೋ ಡಿಸ್ಕಿಗಾಗಿ ಕಾಯುತ್ತಿದ್ದೇನೆ, ಒಂದೂವರೆ ನಿಮಿಷದ ಗಡುವು ಅಂತ. ಸೆಕೆಂಡ್ ಎಣಿಸುತ್ತಾ ಕೂತೆ. ಬೂಟ್ ಆಗುವಾಗ ಯಾವ ಯಾವ ಪಾರ್ಟಿಷನ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೇ ಸ್ವಾಪ್‌ನ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಹಾಗೇ ಉಳಿದಿತ್ತು. ಇಲ್ಲದ ಪಾರ್ಟಿಷನ್‌ಗಾಗಿ, ಬೂಟ್ ಕೆಲಸ ನಡೆಸುವ ಸಿಸ್ಟಂಡಿ 90 ಸೆಕೆಂಡ್ ಕಾದು, ಆಮೇಲೆ ಮುಂದೆ ಹೋಯಿತು. ಆ ಸಾಲು ತೆಗೆದ ಮೇಲೆ ಸರಿಹೋಯಿತು. ನಿಮಗೂ ಇಂಥದ್ದು ಬಂದರೆ ಎಫ್‌ಎಸ್‌ಟ್ಯಾಬ್ ಜೊತೆಗೆ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಬೂಟ್ ಆಗುವಾಗ ಕೊಡುವ ರೆಸ್ಯೂಮ್ ಅನ್ನೋ ಪ್ಯಾರಾಮೀಟರ್ ಕೂಡ ನೋಡಿ. ಹೈಬರ್ನೇಟ್‌ಗಾಗಿ ಅಲ್ಲೂ ಸ್ವಾಪ್‌ನ ವಿಳಾಸ ಬರೆದಿರುತ್ತದೆ.

ಆ ಸಂಜೆ ಡೇಟಾ ಏನೂ ಹೋಗಲಿಲ್ಲ. ಆದರೆ ಯೋಚನೆ ಮಾಡಿ. ಬೆಳೆಸುವ ಬದಲು ಮೂರನೇದನ್ನು ಫಾರ್ಮ್ಯಾಟ್ ಮಾಡು ಅಂತ ಯಾವುದೋ ಸ್ಕ್ರಿಪ್ಟ್‌ನಲ್ಲಿ ಬರೆದಿದ್ದರೆ? ಮೂರನೇದು ಬಳಸುವವರ ಫೈಲ್ ಎಲ್ಲ ಇರುವ ಹೋಂ ಆಗಿದ್ದರೆ? ಬೆಳಿಗ್ಗೆ ಪರೀಕ್ಷೆಗೆ ಬರುವ ಮಕ್ಕಳಿಗೆ ಏನಂತ ಹೇಳುತ್ತಿದ್ದೆ?

ಹಾಗಾಗಿ ಕ್ರಮ ಮುಖ್ಯವಾಗೋದಕ್ಕೆ ನನ್ನ ಲೆಕ್ಕದಲ್ಲಿ ಮೊದಲ ಕಾರಣ ಬೆಳವಣಿಗೆ. ಯಾವುದು ಮುಂದೆ ಬೆಳೆಯಬೇಕೋ ಅದು ಕೊನೆಯಲ್ಲಿ ಇರಲಿ. ಕ್ಲೌಡ್‌ನಲ್ಲಿ ಸಿಗುವ ಸಿದ್ಧ ಇಮೇಜ್‌ಗಳನ್ನು ಗಮನಿಸಿ, ಹೆಚ್ಚಿನವುಗಳಲ್ಲಿ ರೂಟ್ ಡಿಸ್ಕಿನ ತುದಿಯಲ್ಲೇ ಇರುತ್ತದೆ. ಉಬುಂಟು ಕ್ಲೌಡ್ ಇಮೇಜ್‌ನಲ್ಲಿ ರೂಟ್‌ಗೆ ನಂಬರ್ 1, ಬೂಟ್‌ಗೆ ಬೇಕಾದ ಸಣ್ಣ ತುಂಡುಗಳಿಗೆ 14, 15. ಆದರೆ 14, 15 ಜಾಗದಲ್ಲಿ ಮುಂದೆ ಇವೆ, 1 ಹಿಂದೆ ಇದೆ. ಅವರು ಬೇಕಂತಲೇ ಹಾಗೆ ಮಾಡಿದ್ದು. ಹಿಸ್ಸಾ ನಂಬರ್ ಬೇರೆ, ಬಾಂದುಕಲ್ಲು ಬೇರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಬೇರೆ ಕಾರಣಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಶುರುವಿನ ಸೆಕ್ಟರ್‌ಗಳು ತಟ್ಟೆಯ ಹೊರ ಅಂಚಿನಲ್ಲಿ ಇರುತ್ತವೆ. ಒಂದು ಸುತ್ತಿಗೆ ಅಲ್ಲಿ ಜಾಸ್ತಿ ಡೇಟಾ ಸಿಗುತ್ತದೆ, ಹಾಗಾಗಿ ಮುಂದಿನ ಭಾಗ ವೇಗ, ಕೊನೆಯ ಭಾಗ ನಿಧಾನ. ನಮ್ಮ ಕಾಲೇಜುಗಳಲ್ಲಿ ಅಂಥ ಡಿಸ್ಕ್ ಇನ್ನೂ ಎಷ್ಟೋ ಓಡುತ್ತಿವೆ. ಎಸ್‌ಎಸ್‌ಡಿ ಆದರೆ ಈ ಮಾತಿಗೆ ಅರ್ಥ ಇಲ್ಲ. ಬೂಟ್ ಮೊದಲು ಇರಬೇಕು ಅನ್ನೋ ರೂಢಿ ಬಂದಿದ್ದು, ಮೆಷಿನ್ ಎಬ್ಬಿಸುತ್ತಿದ್ದ ಹಳೇ ಬಯೋಸ್ ಕಾಲದಿಂದ, ಆಗ 1024ನೇ ಸಿಲಿಂಡರ್ ಆಚೆ ಇದ್ದ ಕರ್ನಲ್ ಓದಲು ಆಗುತ್ತಿರಲಿಲ್ಲ. ಈಗ ಆ ತೊಂದರೆ ಇಲ್ಲ, ರೂಢಿ ಉಳಿದಿದೆ. ಬಯೋಸ್ ಜಾಗಕ್ಕೆ ಈಗ ಬಂದಿರೋದು ಯುಇಎಫ್‌ಐ, ಅದು ಬೂಟ್ ಫೈಲ್ ಹುಡುಕೋದು ಇಎಫ್‌ಐ ಪಾರ್ಟಿಷನ್‌ನಲ್ಲಿ. ಆ ಪಾರ್ಟಿಷನ್ ಮೊದಲನೇದೇ ಆಗಿರಬೇಕು ಅಂತ ಯುಇಎಫ್‌ಐ ನಿಯಮದಲ್ಲಿ ಇಲ್ಲ. ಆದರೂ ನಾನು ಮೊದಲೇ ಇಡುತ್ತೇನೆ, ಯಾಕಂದರೆ ಅದು ಬೆಳೆಯುವ ತುಂಡಲ್ಲ, ದಾರಿಗೆ ಅಡ್ಡ ಬರಬಾರದು.

ವಿಂಡೋಸ್ ಜೊತೆಗೆ ಹಾಕುವವರಿಗೆ ಒಂದು ಮಾತು. ವಿಂಡೋಸ್ ತನ್ನ ರಿಕವರಿ ಪಾರ್ಟಿಷನನ್ನು ಸಾಮಾನ್ಯವಾಗಿ ತನ್ನ ಸಿ ಡ್ರೈವ್ ಹಿಂದೆಯೇ ಇಡುತ್ತದೆ. ಸಿ ಡ್ರೈವ್ ಕುಗ್ಗಿಸಿದಾಗ ಖಾಲಿ ಜಾಗ ಅವೆರಡರ ನಡುವೆ ಬರುತ್ತದೆ. ಅಲ್ಲಿ ನೀವು ಲಿನಕ್ಸ್ ಹಾಕಿದರೆ ನಂಬರ್ 5 ಬರುತ್ತದೆ, ಜಾಗ 3 ಮತ್ತು 4ರ ನಡುವೆ. ಇದನ್ನು ನೋಡಿ ಏನೋ ಕೆಟ್ಟಿದೆ ಅಂತ ರಿಕವರಿ ಪಾರ್ಟಿಷನ್ ಅಳಿಸಿದವರನ್ನು ನಾನು ನೋಡಿದ್ದೇನೆ. ಏನೂ ಕೆಟ್ಟಿರಲ್ಲ. ಮುಟ್ಟಬೇಡಿ.

ಈಗ ಇನ್‌ಸ್ಟಾಲರ್‌ಗಳ ಮನಸ್ಸು ಹೇಗೆ ಓಡುತ್ತದೆ ಅಂತ ನೋಡೋಣ. ಒಂದೊಂದರ ಸ್ವಭಾವ ಒಂದೊಂದು.

ಫೆಡೋರಾ, ರೆಡ್ ಹ್ಯಾಟ್, ಆಲ್ಮಾ, ರಾಕಿ ಇವುಗಳ ಇನ್‌ಸ್ಟಾಲರ್ ಹೆಸರು ಅನಕೊಂಡ. ಉತ್ತರ ಬರೆದಿಡುವ ಫೈಲ್‌ಗೆ ಕಿಕ್‌ಸ್ಟಾರ್ಟ್ ಅಂತಾರೆ. ಅದರಲ್ಲಿ ಪಾರ್ಟ್ ಅನ್ನೋ ಸಾಲುಗಳನ್ನು ನೀವು ಯಾವ ಕ್ರಮದಲ್ಲಿ ಬರೆದರೂ ಅನಕೊಂಡ ಅದನ್ನು ಆದೇಶ ಅಂತ ತಿಳಿಯಲ್ಲ, ಬೇಡಿಕೆ ಅಂತ ತಿಳಿಯುತ್ತದೆ. ಬೇಡಿಕೆಗಳನ್ನೆಲ್ಲ ಒಟ್ಟುಮಾಡಿ ತಾನೇ ಸಾಲು ಹಚ್ಚುತ್ತದೆ. ಬೂಟ್‌ಗೆ, ಇಎಫ್‌ಐಗೆ ತೂಕ ಜಾಸ್ತಿ, ಅವು ಮುಂದೆ. ಇಂಥ ಡಿಸ್ಕೇ ಬೇಕು ಅಂತ ಹಠ ಹಿಡಿದ ಬೇಡಿಕೆ ಮುಂದೆ. ಪ್ರೈಮರಿ ಆಗಲೇಬೇಕು ಅಂದಿದ್ದು ಮುಂದೆ. ಆಮೇಲೆ ದೊಡ್ಡದು ಮುಂದೆ, ಚಿಕ್ಕದು ಹಿಂದೆ. ಈ ಲೆಕ್ಕದಲ್ಲಿ ಗಾತ್ರ ಅಂದರೆ ನೀವು ಬರೆದ ಕನಿಷ್ಠ ಗಾತ್ರ, ಬೆಳೆದ ಮೇಲಿನ ಗಾತ್ರ ಅಲ್ಲ.

ಇದರ ಹಿಂದೆ ಒಳ್ಳೇ ಕಾರಣ ಇದೆ. ಬಸ್ಸಿನ ಡಿಕ್ಕಿಯಲ್ಲಿ ಸಾಮಾನು ತುಂಬುವಾಗ ಮೊದಲು ದೊಡ್ಡ ಟ್ರಂಕ್ ಇಡ್ತೀರಿ, ಆಮೇಲೆ ಸಂದಿಯಲ್ಲಿ ಚೀಲ ತುರುಕ್ತೀರಿ, ಅಲ್ವಾ? ನೂರಾರು ತರದ ಡಿಸ್ಕಿನಲ್ಲಿ, ಅಲ್ಲಲ್ಲಿ ಖಾಲಿ ಇರುವ ಜಾಗದಲ್ಲಿ, ಎಲ್ಲ ಬೇಡಿಕೆಯೂ ಹಿಡಿಸಬೇಕು ಅಂದರೆ ಇನ್‌ಸ್ಟಾಲರ್‌ಗೂ ಅದೇ ಬುದ್ಧಿ ಬೇಕು. ಅದನ್ನು ಬರೆದವರು ಸರಿಯಾಗಿಯೇ ಯೋಚನೆ ಮಾಡಿದ್ದಾರೆ. ನಮ್ಮ ಅಗತ್ಯ ಬೇರೆ, ಅಷ್ಟೇ.

ಇದನ್ನು ತಿಳಿದ ಕೆಲವರು ಒಂದು ಉಪಾಯ ಮಾಡುತ್ತಾರೆ. ರೂಟ್‌ನ ಕನಿಷ್ಠ ಗಾತ್ರ 1 ಎಂಬಿ ಅಂತ ಬರೆದು, ಬೆಳೆಯಲಿ ಅಂತ ಸೂಚನೆ ಕೊಡುತ್ತಾರೆ. 1 ಎಂಬಿ ಎಲ್ಲಕ್ಕಿಂತ ಚಿಕ್ಕದಲ್ವಾ, ಸಾಲಿನ ಕೊನೆಗೆ ಹೋಗುತ್ತದೆ. ಕೆಲಸ ಆಗುತ್ತದೆ. ಆದರೆ ನನಗೆ ಇದು ಹಿಡಿಸಲ್ಲ. ಇನ್‌ಸ್ಟಾಲರ್‌ನ ಒಳಗಿನ ಲೆಕ್ಕ ನಾಳೆ ಬದಲಾದರೆ ನಮ್ಮ ಸಾಲೂ ಬದಲಾಗುತ್ತದೆ. ಮೇಲಾಗಿ ಡಿಸ್ಕ್ ಚಿಕ್ಕದಿದ್ದಾಗ ಜಾಗ ಸಾಲಲ್ಲ ಅಂತ ಮೊದಲೇ ಹೇಳಬೇಕಾದ ಇನ್‌ಸ್ಟಾಲರ್ ಬಾಯಿಯನ್ನು ನಾವೇ ಕಟ್ಟಿದ ಹಾಗೆ.

ನಾನು ಮಾಡೋದು ಹೀಗೆ. ಕಿಕ್‌ಸ್ಟಾರ್ಟ್‌ನಲ್ಲಿ ಪ್ರೀ ಅನ್ನೋ ಭಾಗ ಇದೆ. ಇನ್‌ಸ್ಟಾಲ್ ಶುರುವಾಗುವ ಮುಂಚೆ ಅದರಲ್ಲಿರುವ ಸ್ಕ್ರಿಪ್ಟ್ ಓಡುತ್ತದೆ. ಅಲ್ಲಿ ನಾನೇ ಡಿಸ್ಕ್ ಅಳೆದು ಕತ್ತರಿಸುತ್ತೇನೆ. ಜಿಪಿಟಿ ಟೇಬಲ್ ಬರೆಯುವ ಎಸ್‌ಜಿಡಿಸ್ಕ್ ಕಮಾಂಡ್‌ನಿಂದ ಹಳೇ ಟೇಬಲ್ ಅಳಿಸು. ಮೊದಲನೇದು, ಖಾಲಿ ಜಾಗದ ಶುರುವಿನಿಂದ 600 ಎಂಬಿ, ಇಎಫ್‌ಐ. ಎರಡನೇದು 1 ಜಿಬಿ, ಬೂಟ್. ಮೂರನೇದು 8 ಜಿಬಿ, ಸ್ವಾಪ್. ನಾಲ್ಕನೇದು ಉಳಿದಿದ್ದೆಲ್ಲ, ರೂಟ್. ಪ್ರತಿ ತುಂಡಿಗೂ ನಂಬರ್ ನಾನೇ ಹೇಳುತ್ತೇನೆ, ಶುರು ಎಲ್ಲಿ ಅಂತಲೂ ನಾನೇ ಹೇಳುತ್ತೇನೆ. ಎಸ್‌ಜಿಡಿಸ್ಕ್ ತಾನಾಗೇ 2048ನೇ ಸೆಕ್ಟರ್‌ನಿಂದ, ಅಂದರೆ ಸರಿಯಾಗಿ 1 ಎಂಬಿಯಿಂದ ಶುರು ಮಾಡುತ್ತದೆ. ಹಾಗೆ ಮಾಡಿದರೆ ಎಸ್‌ಎಸ್‌ಡಿಗೂ 4ಕೆ ಸೆಕ್ಟರ್ ಡಿಸ್ಕಿಗೂ ಒಗ್ಗುತ್ತದೆ. ಕತ್ತರಿಸಿ ಆದಮೇಲೆ ಕರ್ನಲ್‌ಗೆ ಹೊಸ ಟೇಬಲ್ ಓದು ಅಂತ ಹೇಳಿ, ಡಿಸ್ಕಿಗೆ, ಪಾರ್ಟಿಷನ್‌ಗೆ ಹೆಸರು ಹಚ್ಚುವ ಯುಡೆವ್ ಸುಧಾರಿಸಿಕೊಳ್ಳುವವರೆಗೆ ಕಾಯುವ ಒಂದು ಸಾಲು ಸೇರಿಸಿ. ಈ ಸಾಲು ಬಿಟ್ಟರೆ ಹತ್ತು ಮೆಷಿನ್‌ನಲ್ಲಿ ಸರಿಯಾಗಿ ಹೋಗಿ ಹನ್ನೊಂದನೇದರಲ್ಲಿ ಪಾರ್ಟಿಷನ್ ಸಿಗಲಿಲ್ಲ ಅಂತ ನಿಲ್ಲಬಹುದು.

ಆಮೇಲೆ ಫೈಲ್‌ನ ಮುಖ್ಯ ಭಾಗದಲ್ಲಿ ಪಾರ್ಟ್ ಸಾಲುಗಳಿಗೆ ಗಾತ್ರ ಕೊಡಲ್ಲ. ಆನ್‌ಪಾರ್ಟ್ ಅಂತ ಬರೆದು, ಈಗಾಗಲೇ ಇರುವ ನಾಲ್ಕನೇ ಪಾರ್ಟಿಷನ್ ತಗೊಂಡು ರೂಟ್ ಮಾಡು ಅಂತ ಹೇಳುತ್ತೇನೆ. ಆಗ ಅನಕೊಂಡಕ್ಕೆ ಸಾಲು ಹಚ್ಚುವ ಕೆಲಸವೇ ಉಳಿಯಲ್ಲ. ಒಂದು ಎಚ್ಚರ: ಹಳೇ ಫೈಲ್‌ನಿಂದ ಕಾಪಿ ಮಾಡುವಾಗ ಕ್ಲಿಯರ್‌ಪಾರ್ಟ್ ಆಲ್ ಅನ್ನೋ ಸಾಲು ಜೊತೆಗೆ ಬಂದುಬಿಡುತ್ತದೆ. ಅದು ಇದ್ದರೆ ನೀವು ಪ್ರೀ ಭಾಗದಲ್ಲಿ ನೆಟ್ಟ ಕಲ್ಲನ್ನೆಲ್ಲ ಕಿತ್ತುಹಾಕುತ್ತದೆ. ಅದನ್ನು ನನ್ ಅಂತ ಮಾಡಿ.

ಇನ್ನೊಂದು ಎಚ್ಚರ, ಇದು ಮೊದಲಿನದಕ್ಕಿಂತ ದೊಡ್ಡದು. ಎಸ್‌ಡಿಎ ಅಂತ ಬರೆದು ನೆಮ್ಮದಿಯಾಗಿ ಇರಬೇಡಿ. ಯಾವ ಡಿಸ್ಕ್ ಮೊದಲು ಸಿಕ್ಕಿತೋ ಅದು ಎಸ್‌ಡಿಎ. ನೀವು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಆ ಪೆನ್‌ಡ್ರೈವೇ ಎಸ್‌ಡಿಎ ಆಗಬಹುದು. ಎರಡು ಡಿಸ್ಕ್ ಇರುವ ಮೆಷಿನ್‌ನಲ್ಲಿ ಇವತ್ತಿನ ಎಸ್‌ಡಿಎ ನಾಳೆ ಎಸ್‌ಡಿಬಿ ಆಗಬಹುದು. ಹೊಸ ಮೆಷಿನ್‌ಗಳಲ್ಲಿ ಎನ್‌ವಿಎಂಇ ತರದ ಎಸ್‌ಎಸ್‌ಡಿ ಇದ್ದರೆ ಹೆಸರೇ ಬೇರೆ, ಪಾರ್ಟಿಷನ್ ನಂಬರ್ ಮುಂದೆ ಪಿ ಅಕ್ಷರ ಬೇರೆ ಬರುತ್ತದೆ. ಹಾಗಾಗಿ ಪ್ರೀ ಸ್ಕ್ರಿಪ್ಟ್‌ನಲ್ಲೇ ಡಿಸ್ಕ್ ಯಾವುದು ಅಂತ ಹುಡುಕಿ. ಬೈ-ಐಡಿ ಫೋಲ್ಡರ್‌ನಲ್ಲಿ ಡಿಸ್ಕಿನ ಮಾಡೆಲ್, ಸೀರಿಯಲ್ ನಂಬರ್ ಸಮೇತ ಹೆಸರು ಇರುತ್ತದೆ. ಗಾತ್ರ ನೋಡಿ, ಯುಎಸ್‌ಬಿ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಪಾರ್ಟ್ ಸಾಲುಗಳನ್ನು ಸ್ಕ್ರಿಪ್ಟೇ ಒಂದು ತಾತ್ಕಾಲಿಕ ಫೈಲ್‌ಗೆ ಬರೆಯಲಿ. ಮುಖ್ಯ ಫೈಲ್‌ನಿಂದ ಇನ್‌ಕ್ಲೂಡ್ ಮಾಡಿ. ಹೊಲ ಅಳೆಯುವ ಮುಂಚೆ ಇದು ನಮ್ಮ ಸರ್ವೆ ನಂಬರ್ ಹೌದೋ ಅಲ್ವೋ ನೋಡಬೇಕಲ್ಲ.

ಡೆಬಿಯನ್ ಕಡೆ ಬರೋಣ. ಅಲ್ಲಿ ಉತ್ತರದ ಫೈಲ್‌ಗೆ ಪ್ರೀಸೀಡ್ ಅಂತಾರೆ, ಪಾರ್ಟಿಷನ್ ವಿವರಕ್ಕೆ ರೆಸಿಪಿ ಅಂತಾರೆ. ಪ್ರತಿ ಪಾರ್ಟಿಷನ್‌ಗೂ ಮೂರು ನಂಬರ್: ಕನಿಷ್ಠ ಗಾತ್ರ, ಪ್ರಯಾರಿಟಿ, ಗರಿಷ್ಠ ಗಾತ್ರ. ಜನ ಎಡವೋದು ಈ ನಡುವಿನ ನಂಬರ್‌ನಲ್ಲಿ. ಪ್ರಯಾರಿಟಿ ಅಂದರೆ ಸಾಲಿನಲ್ಲಿ ಯಾರು ಮುಂದೆ ಅಂತ ಓದಿಕೊಂಡುಬಿಡುತ್ತಾರೆ. ಅದಲ್ಲ. ಜಾಗ ಮಿಕ್ಕಿದಾಗ ಯಾರಿಗೆ ಎಷ್ಟು ಅಂತ ಹಂಚುವ ಲೆಕ್ಕ ಅದು. ಹಬ್ಬದ ದಿನ ಹೋಳಿಗೆ ಮಿಕ್ಕರೆ ಯಾರ ಎಲೆಗೆ ಎರಡು ಅನ್ನೋ ಹಾಗೆ, ಪಂಕ್ತಿಯಲ್ಲಿ ಎಲ್ಲಿ ಕೂರಬೇಕು ಅನ್ನೋದಲ್ಲ. ಸಾಲು ಬರೋದು ರೆಸಿಪಿಯಲ್ಲಿ ಬರೆದ ಕ್ರಮದಲ್ಲೇ, ಆದರೆ ಪ್ರೈಮರಿ ಅಂತ ಗುರುತು ಹಾಕಿದವುಗಳನ್ನು ಮೊದಲು ಮಾಡಿಕೊಳ್ಳುತ್ತದೆ. ಅದು ಸಾಲದಿದ್ದರೆ ಇಲ್ಲೂ ಪಾರ್ಟಿಷನ್ ಹಂತಕ್ಕೆ ಮುಂಚೆ ನಮ್ಮ ಕಮಾಂಡ್ ಓಡಿಸಲು ಒಂದು ಕೊಂಡಿ ಕೊಟ್ಟಿದ್ದಾರೆ.

ಉತ್ತರದ ಫೈಲ್ ಇಲ್ಲದೆ ಕೈಯಲ್ಲೇ ಡೆಬಿಯನ್ ಹಾಕುವವರಿಗೆ ಅದರ ಅಕ್ಷರದ ಇನ್‌ಸ್ಟಾಲರ್‌ನಲ್ಲಿ ಒಂದು ಪ್ರಶ್ನೆ ಬರುತ್ತದೆ. ಹೊಸ ಪಾರ್ಟಿಷನ್ ಖಾಲಿ ಜಾಗದ ಶುರುವಿನಲ್ಲಿ ಬೇಕಾ, ಕೊನೆಯಲ್ಲಿ ಬೇಕಾ ಅಂತ. ನಾವೆಲ್ಲ ಸುಮ್ನೆ ಎಂಟರ್ ಒತ್ತಿ ಮುಂದೆ ಹೋಗ್ತೀವಿ. ಬಾಂದುಕಲ್ಲಿನ ಬಗ್ಗೆ ಇಷ್ಟು ನೇರವಾಗಿ ಕೇಳುವ ಇನ್‌ಸ್ಟಾಲರ್ ಅಪರೂಪ. ಮುಂದಿನ ಸಲ ಅಲ್ಲಿ ಒಂದು ಕ್ಷಣ ನಿಲ್ಲಿ.

ಉಬುಂಟು ಸರ್ವರ್ 20.04ರಿಂದ ಆಟೋಇನ್‌ಸ್ಟಾಲ್ ಅಂತ ಹೊಸ ಪದ್ಧತಿ ಬಂತು. ಅದರಲ್ಲಿ ಸ್ಟೋರೇಜ್ ಭಾಗ ಪಟ್ಟಿಯ ಹಾಗಿದೆ: ಇದು ಡಿಸ್ಕ್, ಇದು ಅದರ ಮೇಲಿನ ಮೊದಲ ಪಾರ್ಟಿಷನ್, ಇದು ಎರಡನೇದು ಅಂತ. ಪಟ್ಟಿಯ ಕ್ರಮದಲ್ಲೇ ಕತ್ತರಿಸುತ್ತದೆ, ನಂಬರ್ ಕೂಡ ನೀವೇ ಕೊಡಬಹುದು. ಕೊನೆಯದಕ್ಕೆ ಗಾತ್ರ ಮೈನಸ್ 1 ಅಂದರೆ ಉಳಿದಿದ್ದೆಲ್ಲ. ಕ್ರಮದ ಬಗ್ಗೆ ಚಿಂತೆ ಇರುವವರಿಗೆ ಇದು ಅನುಕೂಲ.

ಬಟನ್ ಒತ್ತಿ ಹಾಕುವವರಿಗೆ ನನ್ನ ಸಲಹೆ ಒಂದೇ, ಯಾವ ಲಿನಕ್ಸ್ ಆದರೂ ಸರಿ. ಡಿಸ್ಕಿಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ, ಅಂದರೆ ಲೈವ್ ಆಗಿ, ಬೂಟ್ ಮಾಡಿ. ಜಿಪಾರ್ಟೆಡ್ ತೆಗೆದು, ಪಟ್ಟಿಯ ಚಿತ್ರ ನೋಡುತ್ತಾ, ನಿಮಗೆ ಬೇಕಾದ ಸಾಲಿನಲ್ಲಿ ತುಂಡುಗಳನ್ನು ಮಾಡಿ. ಆಮೇಲೆ ಇನ್‌ಸ್ಟಾಲರ್ ತೆರೆದು, ಇದು ರೂಟ್, ಇದು ಹೋಂ ಅಂತ ಹೆಸರು ಮಾತ್ರ ಹೇಳಿ.

ಇಷ್ಟೆಲ್ಲ ಸಾಲು ಹಚ್ಚೋದರ ಬದಲು ಎಲ್‌ವಿಎಂ ಬಳಸಬಹುದಲ್ಲ ಸರ್ ಅಂತ ನಡುವೆ ಒಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ಹೌದು, ಬಳಸಬಹುದು. ಎಲ್‌ವಿಎಂ ಅಂದರೆ ಊರಿನ ನಾಲ್ಕು ಕಡೆ ಇರುವ ತುಂಡುಗಳನ್ನು ಒಂದೇ ಖಾತೆಗೆ ಸೇರಿಸಿದ ಹಾಗೆ. ನಾಲೆಯ ಆಚೆ ಎರಡು ಎಕರೆ, ಈಚೆ ಮೂರು ಎಕರೆ, ಖಾತೆಯಲ್ಲಿ ಐದು. ಒಳಗೆ ಸಾಮಾನ್ಯವಾಗಿ 4 ಎಂಬಿಯ ತುಣುಕುಗಳಾಗಿ ಲೆಕ್ಕ ಇಡುತ್ತದೆ, ಆ ತುಣುಕುಗಳು ಅಕ್ಕಪಕ್ಕ ಇರಬೇಕಾಗಿಲ್ಲ. ಸರ್ವರ್ ಆದರೆ ನಾನೂ ಈಗ ಎಲ್‌ವಿಎಂ ಹಾಕುತ್ತೇನೆ. ಫೆಡೋರಾ ಡೆಸ್ಕ್‌ಟಾಪ್ 2020ರಲ್ಲಿ 33ನೇ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಂಗೆ ಹೋಯಿತು, ಅಲ್ಲೂ ರೂಟ್, ಹೋಂ ಎರಡೂ ಒಂದೇ ಜಾಗ ಹಂಚಿಕೊಳ್ಳುತ್ತವೆ. ಆದರೆ ಎಲ್‌ವಿಎಂ ಕೂತಿರೋದೂ ಒಂದು ಪಾರ್ಟಿಷನ್ ಮೇಲೇ. ಇಎಫ್‌ಐ, ಬೂಟ್ ಹೊರಗೇ ಇರುತ್ತವೆ. ಆ ಪಾರ್ಟಿಷನ್ ಕೊನೆಯಲ್ಲಿ ಇದ್ದರೆ ಬೆಳೆಸೋದು ಸುಲಭ. ಹಾಗಾಗಿ ಪ್ರಶ್ನೆ ಚಿಕ್ಕದಾಗುತ್ತದೆ, ಪೂರ್ತಿ ಹೋಗಲ್ಲ. ಇನ್ನೊಂದು ವಿಷಯ, ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಇದ್ದರೆ ಬೆಳೆಸಬಹುದು, ಕುಗ್ಗಿಸಲು ಆಗಲ್ಲ ಅಂತಲೇ ತಿಳಿಯಿರಿ. ರೆಡ್ ಹ್ಯಾಟ್ ಬಳಗದಲ್ಲಿ 7ನೇ ಆವೃತ್ತಿಯಿಂದ ಅದೇ ಮಾಮೂಲು. ತಪ್ಪು ಅಳತೆಯ ಬೆಲೆ ಅಲ್ಲಿ ಜಾಸ್ತಿ.

ಇನ್ನೊಬ್ಬರ ಪ್ರಶ್ನೆ: ಆಗಲೇ ಹಾಕಿಬಿಟ್ಟಿದ್ದೇನೆ, ನಂಬರ್ ಹಿಂದುಮುಂದು ಆಗಿದೆ, ಸರಿಮಾಡಲೇ?

ನಂಬರ್ ಸರಿಮಾಡೋದು ಸುಲಭ. ಎಫ್‌ಡಿಸ್ಕ್‌ನ ಎಕ್ಸ್‌ಪರ್ಟ್ ಮೆನುವಿನಲ್ಲಿ ಎಫ್ ಒತ್ತಿದರೆ ಆಯಿತು. ಎಸ್‌ಜಿಡಿಸ್ಕ್‌ನಲ್ಲೂ ಇದೆ. ಡೇಟಾ ಒಂದು ಬೈಟೂ ಅಲುಗಲ್ಲ, ಪಹಣಿಯಲ್ಲಿ ನಂಬರ್ ಮಾತ್ರ ತಿದ್ದಿದ ಹಾಗೆ. ಆದರೆ ಹಳೇ ನಂಬರನ್ನು ನಂಬಿಕೊಂಡವರು ಯಾರ್ಯಾರು ಅಂತ ಮೊದಲು ನೋಡಬೇಕು. ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ ಇದ್ದರೆ ಚಿಂತೆ ಇಲ್ಲ, ಎಸ್‌ಡಿಎ3 ಅಂತ ಬರೆದಿದ್ದರೆ ತಿದ್ದಬೇಕು. ಬಯೋಸ್ ಮೆಷಿನ್‌ನಲ್ಲಿ, ಲಿನಕ್ಸ್ ಬೂಟ್ ಮಾಡಿಸುವ ಗ್ರಬ್ ತನ್ನ ಫೈಲ್ ಯಾವ ನಂಬರ್‌ನಲ್ಲಿದೆ ಅಂತ ಒಳಗೇ ಬರೆದುಕೊಂಡಿರುತ್ತದೆ, ನಂಬರ್ ಬದಲಾದರೆ ಗ್ರಬ್ ರೆಸ್ಕ್ಯೂ ಅಂತ ಕಪ್ಪು ಸ್ಕ್ರೀನ್ ಬರಬಹುದು. ಲೈವ್ ಪೆನ್‌ಡ್ರೈವ್ ಹತ್ತಿರ ಇಟ್ಟುಕೊಂಡು ಗ್ರಬ್ ಇನ್ನೊಮ್ಮೆ ಹಾಕಬೇಕಾಗುತ್ತದೆ. ಯುಇಎಫ್‌ಐ ಬೂಟ್ ಎಂಟ್ರಿಯಲ್ಲೂ ಪಾರ್ಟಿಷನ್ ನಂಬರ್ ಬರೆದಿರುತ್ತದೆ. ನೋಡಲು ಚೆನ್ನಾಗಿಲ್ಲ ಅನ್ನೋದು ಬಿಟ್ಟರೆ ಬೇರೆ ತೊಂದರೆ ಇಲ್ಲದಿದ್ದರೆ ಬಿಟ್ಟುಬಿಡಿ ಅಂತೀನಿ.

ಜಾಗ ಸರಿಮಾಡೋದು ಬೇರೆ ಮಾತು. ಅದಕ್ಕೆ ಡೇಟಾವನ್ನೇ ಎತ್ತಿ ಇನ್ನೊಂದು ಕಡೆ ಇಡಬೇಕು. ಜಿಪಾರ್ಟೆಡ್ ಮಾಡುತ್ತದೆ, ಆದರೆ ದೊಡ್ಡ ಪಾರ್ಟಿಷನ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಕಥೆ ಮುಗಿಯಿತು. ನಮ್ಮ ಊರಿನ ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಕಪ್ ತಗೊಂಡು, ಹೊಸದಾಗಿ ಕತ್ತರಿಸಿ, ವಾಪಸ್ ಹಾಕೋದೇ ಎಷ್ಟೋ ಸಲ ಬೇಗ ಆಗುತ್ತದೆ.

ಯಾವುದೇ ಮಾಡಿ, ಮೊದಲು ಎಸ್‌ಎಫ್‌ಡಿಸ್ಕ್ ಕಮಾಂಡ್‌ನಿಂದ ಪಾರ್ಟಿಷನ್ ಟೇಬಲ್‌ನ ಡಂಪ್, ಅಂದರೆ ನಕಲು, ತಗೊಳ್ಳಿ. ಒಂದು ಪುಟದ ಅಕ್ಷರದ ಫೈಲ್ ಬರುತ್ತದೆ, ಪ್ರತಿ ಪಾರ್ಟಿಷನ್‌ನ ಶುರು, ಉದ್ದ, ಯುಯುಐಡಿ ಎಲ್ಲ ಇರುತ್ತದೆ. ಟೇಬಲ್ ಕೆಟ್ಟರೂ ಆ ಫೈಲ್ ವಾಪಸ್ ಕೊಟ್ಟರೆ ಕಲ್ಲುಗಳು ಹಳೇ ಜಾಗದಲ್ಲೇ ನಿಲ್ಲುತ್ತವೆ. ನಮ್ಮ ಲ್ಯಾಬಿನಲ್ಲಿ ಈಗ ಪ್ರತಿ ಮೆಷಿನ್ ಹಾಕಿದ ಕೂಡಲೇ ಡಂಪ್ ತೆಗೆದು, ಎಲ್‌ಎಸ್‌ಬ್ಲಾಕ್ ಪಟ್ಟಿಯ ಜೊತೆ ಇಡುತ್ತೇವೆ. ಆ ಫೈಲನ್ನು ಪೆನ್‌ಡ್ರೈವ್‌ನಲ್ಲೋ ಬೇರೆ ಮೆಷಿನ್‌ನಲ್ಲೋ ಇಡಿ, ಅದೇ ಡಿಸ್ಕಿನಲ್ಲಿ ಮಾತ್ರ ಬೇಡ.